ಕಾನೂನು ಹಿಂದೆ ಬಿದ್ದಿಲ್ಲ, ಪೆಟ್ಟಿಗೆಯೊಳಗೇ ಕೂತಿದೆ

2024ರ ನವೆಂಬರ್‌ನಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಪ್ರೊ ಹಲವು ದೇಶಗಳ ಅಂಗಡಿಗಳಿಗೆ ಬಂತು. ಭಾರತಕ್ಕೆ ಬರಲಿಲ್ಲ. ಅದರೊಳಗಿನ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇನ್ನೂ ಅನುಮತಿ ಕೊಡದ ದೇಶಗಳಲ್ಲಿ ಈ ಯಂತ್ರ ಸಿಗುವುದಿಲ್ಲ, ಸದ್ಯಕ್ಕೆ ಭಾರತವೂ ಅವುಗಳಲ್ಲಿ ಒಂದು ಎಂದು ಕಂಪನಿ ತಿಳಿಸಿತು. ಗೇಮ್ ಆಡುವವರು ಸಿಟ್ಟಾದರು. ಆ ಸಿಟ್ಟಿನಲ್ಲಿ ಕೇಳಿಬಂದದ್ದು ಹಳೆಯ ಮಾತೇ: ತಂತ್ರಜ್ಞಾನ ಓಡುತ್ತಿದೆ, ಕಾನೂನು ಏದುಸಿರು ಬಿಡುತ್ತಾ ಹಿಂದೆ ಬರುತ್ತಿದೆ.

ಸಂಪಾದಕೀಯಗಳಲ್ಲಿ ಈ ಮಾತು ಓದುತ್ತೇವೆ, ವಿಚಾರ ಸಂಕಿರಣಗಳಲ್ಲಿ ಕೇಳುತ್ತೇವೆ, ಐಟಿ ಕಂಪನಿಯ ಕ್ಯಾಂಟೀನಿನಲ್ಲೂ ಶಾಲೆಯ ಪೋಷಕರ ಸಭೆಯಲ್ಲೂ ಅದು ಓಡಾಡುತ್ತದೆ. ಹೇಳುವವರಲ್ಲಿ ಎರಡು ಪಂಗಡ. ಒಬ್ಬರಿಗೆ ಕಾನೂನು ಅಡ್ಡಗಾಲು, ಅದು ದೂರ ಇದ್ದಷ್ಟೂ ಒಳ್ಳೆಯದು. ಇನ್ನೊಬ್ಬರಿಗೆ ಕಾನೂನು ರಕ್ಷಕ, ಬೇಗ ಬರಲಿಲ್ಲವಲ್ಲ ಎಂಬ ಕೊರಗು. ಯಂತ್ರ ಮೊದಲು, ಕಾನೂನು ಆಮೇಲೆ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ನನ್ನ ತಕರಾರು ಇರುವುದು ಇಬ್ಬರೂ ಒಪ್ಪಿಕೊಂಡಿರುವ ಆ ಸಂಗತಿಯ ಬಗ್ಗೆಯೇ. ವಿಡಿಯೊ ಗೇಮ್ ಯಂತ್ರಗಳು, ಟಿವಿಗೆ ಜೋಡಿಸುವ ಪೆಟ್ಟಿಗೆಗಳು ಇವುಗಳ ಐವತ್ತು ವರ್ಷದ ಚರಿತ್ರೆ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಯಂತ್ರದ ಕವಚ ಎಷ್ಟು ದಪ್ಪ ಇರಬೇಕು, ಕ್ಯಾಸೆಟ್ಟಿಗೆ ಎಷ್ಟು ಪಿನ್ ಇರಬೇಕು, ಆಂಟೆನಾ ಎಷ್ಟು ಚಿಕ್ಕದಿರಬೇಕು, ಇದನ್ನೆಲ್ಲ ಎಂಜಿನಿಯರುಗಳು ಗೆರೆ ಎಳೆಯುವಾಗಲೇ ಕಾನೂನು ಅವರ ಮೇಜಿನ ಮೇಲಿತ್ತು.

6 ಗಿಗಾಹರ್ಟ್ಸ್ ಪ್ರಸಂಗವನ್ನೇ ನೋಡಿ. ಅಲ್ಲಿ ನಡೆಯುತ್ತಿದ್ದದ್ದು ಜಗಳ. ಆ ಇಡೀ ಬ್ಯಾಂಡ್ ಮೊಬೈಲ್ ಸೇವೆಗೆ ಬೇಕೆಂದು ದೂರಸಂಪರ್ಕ ಕಂಪನಿಗಳು ಪಟ್ಟು ಹಿಡಿದಿದ್ದವು. ಲೈಸೆನ್ಸಿನ ಹಂಗಿಲ್ಲದೆ ವೈ-ಫೈಗೆ ಬಿಟ್ಟುಕೊಡಿ ಎಂದು ಇಂಟರ್ನೆಟ್ ಮತ್ತು ಉಪಕರಣ ಕಂಪನಿಗಳು ಕೇಳುತ್ತಿದ್ದವು. ಒಂದು ಕಡೆ ಹರಾಜಿನ ಹಣ, ಇನ್ನೊಂದು ಕಡೆ ಮನೆಮನೆಯ ವೈ-ಫೈ. 2025ರ ಮೇ ತಿಂಗಳಲ್ಲಿ ಸರ್ಕಾರ ಹೊರಡಿಸಿದ ಕರಡು ನಿಯಮ ಕೆಳಗಿನ 500 ಮೆಗಾಹರ್ಟ್ಸ್ ಭಾಗವನ್ನು ಮನೆಯೊಳಗಿನ ಬಳಕೆಗೆ ಬಿಡುವ ದಾರಿ ತೋರಿಸಿತು. ಯಾರಿಗೆ ಎಷ್ಟು ಎಂಬ ಹಂಚಿಕೆಯ ಪ್ರಶ್ನೆ ಅದು. ಅದನ್ನು 'ಕಾನೂನು ನಿಧಾನ' ಎಂದು ಕರೆದುಬಿಟ್ಟರೆ ಹಂಚಿಕೆಯಲ್ಲಿ ಯಾರು ಏನು ಕೇಳಿದರು, ಯಾರ ಮಾತು ನಡೆಯಿತು ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ.

ಇದು ಹೊಸ ಕಥೆಯೂ ಅಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮನೆಯ ಟಿವಿಗೆ ಜೋಡಿಸುವ ಕಂಪ್ಯೂಟರು, ಗೇಮ್ ಯಂತ್ರಗಳು ಒಂದೊಂದಾಗಿ ಬರತೊಡಗಿದವು. ಟಿವಿಯ ಆಂಟೆನಾ ಜಾಗಕ್ಕೆ ತಂತಿ ಸಿಕ್ಕಿಸುವ ಯಾವುದೇ ಉಪಕರಣ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿಯ ಬಿಗಿ ಪರೀಕ್ಷೆ ಪಾಸಾಗಬೇಕಿತ್ತು. ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಬರಬಾರದು, ರೇಡಿಯೊ ಗೊರಗುಟ್ಟಬಾರದು, ಇಷ್ಟೇ ಅದರ ಉದ್ದೇಶ. ಈ ನಿಯಮದ ಮುಂದೆ ಎರಡು ಕಂಪನಿಗಳು ಎರಡು ದಾರಿ ಹಿಡಿದವು. ಆ್ಯಪಲ್ ಕಂಪನಿ 1977ರ ತನ್ನ ಆ್ಯಪಲ್ 2 ಯಂತ್ರದಲ್ಲಿ ಟಿವಿಗೆ ಸಂಕೇತ ಕಳಿಸುವ ಮಾಡ್ಯುಲೇಟರನ್ನೇ ಇಡಲಿಲ್ಲ. ಅದನ್ನು ಬೇರೊಂದು ಸಣ್ಣ ಕಂಪನಿ ಪ್ರತ್ಯೇಕವಾಗಿ ಮಾರಿತು. ಹೀಗಾಗಿ ಆ್ಯಪಲ್ 2ರ ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಸ್ಲಾಟುಗಳು. ಯಾರು ಬೇಕಾದರೂ ಕಾರ್ಡ್ ತಯಾರಿಸಿ ಸಿಕ್ಕಿಸಬಹುದಿತ್ತು.

ಅಟಾರಿ ಕಂಪನಿಗೆ ಹಾಗೆ ಮಾಡಲು ಬರುತ್ತಿರಲಿಲ್ಲ. ಟಿವಿಗೆ ನೇರ ಜೋಡಿಸುವುದೇ ಅದರ ವ್ಯಾಪಾರ. 1979ರ ಅಟಾರಿ 800 ಯಂತ್ರದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದವರಿಗೆ ಮೊದಲು ಕಾಣುವುದು ಎರಕ ಹೊಯ್ದ ಅಲ್ಯೂಮಿನಿಯಂ. ಕೈಯಲ್ಲಿ ಎತ್ತಿದರೆ ಗೇಮ್ ಯಂತ್ರ ಎನ್ನಿಸದಷ್ಟು ಭಾರ. ಪ್ರೊಸೆಸರು, ಮೆಮೊರಿ ಎಲ್ಲ ಆ ಲೋಹದ ಗೂಡಿನೊಳಗೆ ಕೂತಿವೆ, ಒಂದು ತರಂಗವೂ ಹೊರಗೆ ಸೋರದ ಹಾಗೆ. ಇಂಥ ಗೂಡಿನಲ್ಲಿ ಹೊರಗಿನವರಿಗೆ ಸ್ಲಾಟ್ ಕೊಯ್ದು ಕೊಟ್ಟರೆ ಪರೀಕ್ಷೆಯಲ್ಲಿ ಫೇಲು. ಪ್ರಿಂಟರ್, ಡಿಸ್ಕ್ ಡ್ರೈವುಗಳನ್ನು ಜೋಡಿಸುವುದು ಹೇಗೆ? ಒಂದೇ ತಂತಿಯಲ್ಲಿ ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋಗುವ, ಪ್ರತಿ ಉಪಕರಣವೂ ತಾನೇ ಬುದ್ಧಿವಂತ ಆಗಿರುವ ಒಂದು ವ್ಯವಸ್ಥೆಯನ್ನು ಅಟಾರಿಯವರು ಕಟ್ಟಿದರು. ಅದನ್ನು ರೂಪಿಸಿದ ಜೋ ಡಿಕ್ಯೂರ್ ಮುಂದೆ ಯುಎಸ್‌ಬಿ ಕೆಲಸದಲ್ಲೂ ಕೈಜೋಡಿಸಿದರು; ಆ ಎರಡರ ನಡುವಿನ ನಂಟನ್ನು ಅವರೇ ಹೇಳಿಕೊಂಡಿದ್ದಾರೆ. ಇಂದು ನಾವು ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿಯ ವಂಶಾವಳಿಯಲ್ಲಿ ರೇಡಿಯೊ ಗೊರಗುಟ್ಟಬಾರದು ಎಂದ ನಿಯಮವೊಂದು ಇದೆ. ಕೆಲ ವರ್ಷಗಳಲ್ಲೇ ಎಫ್‌ಸಿಸಿ ನಿಯಮ ಸಡಿಲಿಸಿತು, ಅಟಾರಿಯ ಮುಂದಿನ ಯಂತ್ರಗಳ ತೂಕ ಇಳಿಯಿತು. ನಿಯಮ ಬದಲಾದಂತೆ ಯಂತ್ರದ ಮೈಯೇ ಬದಲಾಯಿತು.

ಹಾಗೆಂದು ಕಾನೂನು ಎಲ್ಲ ಕಾಲದಲ್ಲೂ ಇಂಥ ಸಾರ್ವಜನಿಕ ಹಿತದ ನಿಯಮವಾಗಿಯೇ ಬಂದಿತೆಂದು ಹೇಳುತ್ತಿಲ್ಲ. ಮುಂದಿನ ಅಧ್ಯಾಯದಲ್ಲಿ ಅದು ಬೀಗವಾಗಿ ಬಂತು.

ಅಟಾರಿಯ ನಾಲ್ವರು ಪ್ರೋಗ್ರಾಮರುಗಳು ಹೊರಬಂದು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಿ, ಅಟಾರಿ ಯಂತ್ರಕ್ಕೇ ಆಟಗಳನ್ನು ಮಾಡಿ ಮಾರಿದರು. ಅಟಾರಿ ಕೋರ್ಟಿಗೆ ಹೋಯಿತು, 1982ರಲ್ಲಿ ರಾಜಿಯಾಯಿತು. ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಆಟ ಬರೆಯಬಹುದು ಎಂಬುದು ಹೀಗೆ ಇತ್ಯರ್ಥವಾದ ಮೇಲೆ ಮಾರುಕಟ್ಟೆಗೆ ಕಳಪೆ ಕ್ಯಾಸೆಟ್ಟುಗಳೂ ನುಗ್ಗಿದವು, 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ನೆಲಕಚ್ಚಿತು. ಅದೇ ವರ್ಷ ಜಪಾನಿನಲ್ಲಿ ನಿಂಟೆಂಡೊ ತನ್ನ ಫ್ಯಾಮಿಕಾಮ್ ಬಿಡುಗಡೆ ಮಾಡಿತು. ಎರಡು ವರ್ಷದ ನಂತರ ಅದೇ ಯಂತ್ರ ಎನ್‌ಇಎಸ್ ಎಂಬ ಹೆಸರಲ್ಲಿ ಅಮೆರಿಕಕ್ಕೆ ಬಂದಾಗ ಅದರೊಳಗೆ ಹೊಸದೊಂದು ಚಿಪ್ಪಿತ್ತು. ಯಂತ್ರದಲ್ಲೊಂದು, ಕ್ಯಾಸೆಟ್ಟಿನಲ್ಲೊಂದು, ಎರಡೂ ಪರಸ್ಪರ ಸಂಕೇತ ಹೊಂದಿಸಿಕೊಂಡರೆ ಮಾತ್ರ ಆಟ ಶುರು. ಇಲ್ಲವಾದರೆ ಯಂತ್ರ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಆ ಚಿಪ್ಪಿನ ಪ್ರೋಗ್ರಾಮಿಗೆ ಹಕ್ಕುಸ್ವಾಮ್ಯ, ತಂತ್ರಕ್ಕೆ ಪೇಟೆಂಟ್. ಬೀಗ ಮುರಿಯುವುದು ಎಂಜಿನಿಯರಿಂಗ್ ಸವಾಲಾಗಿ ಮಾತ್ರ ಉಳಿಯದೆ ಮೊಕದ್ದಮೆಯೂ ಆಗಲಿ ಎಂದೇ ಅದನ್ನು ಹಾಗೆ ಕಟ್ಟಿದ್ದರು. ಆ ಬೀಗದ ಬಲದಿಂದ ನಿಂಟೆಂಡೊ ಪರವಾನಗಿ ಪಡೆದ ಕಂಪನಿಗಳಿಗೆ ವರ್ಷಕ್ಕೆ ಐದೇ ಆಟ ಎಂದು ಮಿತಿ ಹಾಕಿತು, ಕ್ಯಾಸೆಟ್ಟನ್ನು ತಾನೇ ತಯಾರಿಸಿಕೊಡುವ ಷರತ್ತು ಹಾಕಿತು. ಗುಣಮಟ್ಟದ ಕಾವಲು ಎಂದು ಅದನ್ನು ಸಮರ್ಥಿಸಿಕೊಳ್ಳುವವರಿದ್ದಾರೆ. 1983ರ ಕುಸಿತ ಕಂಡವರಿಗೆ ಆ ವಾದ ಪೂರ್ತಿ ಪೊಳ್ಳು ಎನ್ನಿಸಲಿಕ್ಕಿಲ್ಲ. ಆದರೆ ಕಳಪೆ ಆಟವನ್ನು ತಡೆಯಲು ಹಾಕಿದ ಬೀಗ ಒಳ್ಳೆಯ ಆಟ ಬರೆಯುವ ಸ್ವತಂತ್ರ ತಯಾರಕನನ್ನೂ ಬಾಗಿಲಲ್ಲೇ ನಿಲ್ಲಿಸಿತು, ಆಟದ ಬೆಲೆ ಏನಿರಬೇಕೆಂಬುದನ್ನೂ ಒಬ್ಬನ ಕೈಗೆ ಕೊಟ್ಟಿತು.

ಇಲ್ಲಿ ನಮ್ಮ ಊರುಗಳ ಕಥೆಯೂ ಸೇರುತ್ತದೆ. 90ರ ದಶಕದಲ್ಲಿ ಕರ್ನಾಟಕದ ಪೇಟೆಗಳಲ್ಲಿ ಬೆಳೆದವರಿಗೆ 'ವಿಡಿಯೊ ಗೇಮ್' ಎಂದರೆ ತೈವಾನು, ಚೀನಾದಿಂದ ಬಂದ ಅಗ್ಗದ ಯಂತ್ರ, ಅದರ ಮೇಲೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು, ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂಬ ಚೀಟಿ. ಬೇಸಿಗೆ ರಜೆಯಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಮಾರಿಯೊ, ಕಾಂಟ್ರಾ ಆಡಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಆ ಯಂತ್ರಗಳು ನಕಲು ಮಾಡಿದ್ದು ಜಪಾನಿನ ಫ್ಯಾಮಿಕಾಮನ್ನು: 60 ಪಿನ್ನಿನ ಕ್ಯಾಸೆಟ್ಟು, ಬೀಗದ ಚಿಪ್ಪಿಲ್ಲ. ಅಮೆರಿಕದ ಎನ್‌ಇಎಸ್‌ಗೆ 72 ಪಿನ್, ಅವುಗಳಲ್ಲಿ ನಾಲ್ಕು ಬೀಗಕ್ಕೇ ಮೀಸಲು. ಅಮೆರಿಕದ ಮಾರುಕಟ್ಟೆಗೆಂದು ಸೇರಿಸಿದ ಆ ಬೀಗ ಜಪಾನಿನ ಯಂತ್ರದಲ್ಲಿ ಇರಲಿಲ್ಲವಾದ್ದರಿಂದಲೇ ಹಾಸನದ, ಗದಗದ ಹುಡುಗರ ಕೈಗೆ ಮಾರಿಯೊ ಅಷ್ಟು ಸುಲಭವಾಗಿ ಸಿಕ್ಕಿದ. ಆ ಕ್ಯಾಸೆಟ್ಟುಗಳೊಳಗಿನ ಆಟಗಳು ಕದ್ದವು, ಅದನ್ನು ನಾನು ಸಮರ್ಥಿಸುವುದಿಲ್ಲ. ಬರೆದವರಿಗೆ ಒಂದು ಪೈಸೆಯೂ ಹೋಗಲಿಲ್ಲ. ನಾಲ್ಕು ಪಿನ್ನುಗಳ ವ್ಯತ್ಯಾಸ ಒಂದು ತಲೆಮಾರಿನ ಬಾಲ್ಯವನ್ನು ರೂಪಿಸಿತು, ಆ ನಾಲ್ಕು ಪಿನ್ನುಗಳ ಬೆನ್ನಿಗೆ ಪೇಟೆಂಟ್ ಮತ್ತು ಹಕ್ಕುಸ್ವಾಮ್ಯ ನಿಂತಿದ್ದವು ಎಂಬುದಷ್ಟೇ ನಾನು ಹೇಳಬೇಕಾದ ವಿಷಯ.

ಕಾನೂನು ಯಂತ್ರದೊಳಗೇ ಕೂತದ್ದಕ್ಕೆ ಇನ್ನೂ ಸ್ಪಷ್ಟ ಉದಾಹರಣೆ ಸೇಗಾ ಕಂಪನಿಯದು. ಅದರ ಜೆನೆಸಿಸ್ ಯಂತ್ರಕ್ಕೆ ಪರವಾನಗಿ ಪಡೆಯದೆ ಆಟ ಮಾಡಲು ಅಕೊಲೇಡ್ ಎಂಬ ಕಂಪನಿ ಹೊರಟಿತು. ಪರವಾನಗಿ ಪಡೆದರೆ ಕ್ಯಾಸೆಟ್ಟುಗಳನ್ನೆಲ್ಲ ಸೇಗಾ ಕೈಯಲ್ಲೇ ಮಾಡಿಸಬೇಕಿತ್ತು. ಅಕೊಲೇಡ್‌ನವರು ಮಾರುಕಟ್ಟೆಯಲ್ಲಿ ಸಿಗುವ ಆಟಗಳನ್ನು ತಂದು, ಒಳಗಿನ ಕೋಡನ್ನು ಬಿಡಿಸಿ ಓದಿ, ಯಂತ್ರಕ್ಕೂ ಆಟಕ್ಕೂ ನಡುವೆ ಏನು ಹೊಂದಾಣಿಕೆ ಬೇಕು ಎಂಬುದನ್ನು ಕಂಡುಕೊಂಡರು. ಅಷ್ಟರಲ್ಲಿ ಸೇಗಾ ಯಂತ್ರದ ಹೊಸ ಆವೃತ್ತಿ ತಂದಿತು. 1991ರ ಜನವರಿಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಅಕೊಲೇಡ್‌ನ 'ಇಶಿಡೊ' ಆಟ ಅದರಲ್ಲಿ ಓಡಲಿಲ್ಲ. ಹೊಸ ಯಂತ್ರ ಆಟದೊಳಗೆ ಒಂದು ನಿರ್ದಿಷ್ಟ ಜಾಗದಲ್ಲಿ ನಾಲ್ಕು ಅಕ್ಷರಗಳನ್ನು ಹುಡುಕುತ್ತಿತ್ತು: ಎಸ್, ಇ, ಜಿ, ಎ. ಸಿಕ್ಕರೆ ಆಟ ಓಡುತ್ತದೆ, ಅದಕ್ಕೆ ಮುಂಚೆ ಈ ಆಟ ಸೇಗಾ ತಯಾರಿಸಿದ್ದು ಅಥವಾ ಅದರ ಪರವಾನಗಿಯಿಂದ ತಯಾರಾದದ್ದು ಎಂಬ ಸಾಲು ಪರದೆಯ ಮೇಲೆ ಮೂಡುತ್ತದೆ. ಪರವಾನಗಿ ಇಲ್ಲದವನು ಆ ನಾಲ್ಕು ಅಕ್ಷರ ಹಾಕಿದರೆ ಪರದೆಯ ಮೇಲೆ ತಾನಾಗಿಯೇ ಒಂದು ಸುಳ್ಳು ಮೂಡುತ್ತದೆ, ಟ್ರೇಡ್‌ಮಾರ್ಕ್ ಉಲ್ಲಂಘನೆಯಾಗುತ್ತದೆ. ಹಾಕದಿದ್ದರೆ ಆಟವೇ ಓಡುವುದಿಲ್ಲ. ವಕೀಲನ ನೋಟಿಸನ್ನು ಸಿಲಿಕಾನ್ ಒಳಗೆ ಕೊರೆದಿಟ್ಟಂತೆ ಇದು.

ಅಕೊಲೇಡ್ ಆ ಅಕ್ಷರಗಳನ್ನು ಹಾಕಿತು, ಸೇಗಾ ದಾವೆ ಹೂಡಿತು, ಕೆಳ ನ್ಯಾಯಾಲಯ ಸೇಗಾ ಪರವಾಗಿ ತಡೆಯಾಜ್ಞೆ ಕೊಟ್ಟಿತು. 1992ರ ಅಕ್ಟೋಬರ್‌ನಲ್ಲಿ ಒಂಬತ್ತನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ಅದನ್ನು ಮಗುಚಿ ಹಾಕಿತು. ಹೊಂದಾಣಿಕೆಗೆ ಬೇಕಾದ ಮಾಹಿತಿ ತಿಳಿಯಲು ಬೇರೆ ದಾರಿ ಇಲ್ಲದಾಗ ಕೋಡನ್ನು ಬಿಡಿಸಿ ಓದುವುದು ನ್ಯಾಯವಾದ ಬಳಕೆ, ಪರದೆಯ ಮೇಲಿನ ಗೊಂದಲಕ್ಕೆ ಆ ಸಾಲನ್ನು ಬರೆದಿಟ್ಟ ಸೇಗಾವೇ ಹೊಣೆ ಎಂದಿತು. ಅದೇ ವರ್ಷ ಅದೇ ನ್ಯಾಯಾಲಯ ಆಟವನ್ನು ಬದಲಿಸಿ ಆಡಿಸುವ 'ಗೇಮ್ ಜೀನಿ' ಎಂಬ ಉಪಕರಣದ ಪ್ರಕರಣದಲ್ಲಿ, ತಾನು ಕೊಂಡ ಆಟವನ್ನು ಮನೆಯಲ್ಲಿ ತನಗೆ ಬೇಕಾದ ಹಾಗೆ ಬದಲಿಸಿ ಆಡುವುದು ಗ್ರಾಹಕನ ಹಕ್ಕು ಎಂಬ ನಿಲುವು ತೆಗೆದುಕೊಂಡಿತು. ತಡೆಯಾಜ್ಞೆ ತಂದು ಆ ಉಪಕರಣದ ಮಾರಾಟ ನಿಲ್ಲಿಸಿದ್ದ ನಿಂಟೆಂಡೊ ಒಂದೂವರೆ ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಕಾನೂನಿಲ್ಲದ ಬಯಲಿನಲ್ಲೇ ಹೊಸತು ಹುಟ್ಟುತ್ತದೆ ಎನ್ನುವವರು ಈ ಎರಡು ತೀರ್ಪುಗಳನ್ನು ಹೇಗೆ ವಿವರಿಸುತ್ತಾರೋ ತಿಳಿಯದು. 2000ನೇ ಇಸವಿಯಲ್ಲಿ ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ತಯಾರಿಸಿದ ಕನೆಕ್ಟಿಕ್ಸ್ ಕಂಪನಿ ಸೋನಿಯ ಎದುರು ಗೆದ್ದದ್ದೂ ಅಕೊಲೇಡ್ ತೀರ್ಪಿನ ಆಸರೆಯಿಂದಲೇ. ಬಾಗಿಲು ತೆರೆದದ್ದು ಕಾನೂನೇ.

ಅದೇ ಕಾನೂನು ಬಾಗಿಲು ಮುಚ್ಚಿತು ಕೂಡ. 1998ರಲ್ಲಿ ಅಮೆರಿಕ ತಂದ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ ಬೀಗ ಮುರಿಯುವುದನ್ನೇ ಅಪರಾಧ ಮಾಡಿತು. ಒಳಗಿನ ಕೃತಿಯನ್ನು ಕದ್ದಿರೋ ಇಲ್ಲವೋ ಎಂಬುದು ಎರಡನೆಯ ಮಾತಾಯಿತು. ಮ್ಯೂಸಿಯಮ್ಮಿನವರು, ಗ್ರಂಥಾಲಯದವರು ಮೂರು ವರ್ಷಕ್ಕೊಮ್ಮೆ ವಿನಾಯಿತಿ ಬೇಡಿ ಅರ್ಜಿ ಹಾಕಬೇಕು. ಗ್ರಂಥಾಲಯಗಳಲ್ಲಿರುವ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದ ನೋಡಲು ಬಿಡಿ ಎಂಬ ಕೋರಿಕೆಯನ್ನು 2024ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಲಾಯಿತು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿದೆ. ಈ ನಷ್ಟಕ್ಕೆ ಕಾನೂನಿನ ನಿಧಾನ ಕಾರಣವಲ್ಲ. ಬೀಗ ಹಾಕಿದವನ ಪರವಾಗಿ ಅದು ಬಹಳ ಚುರುಕಾಗಿ ಬರೆಯಲ್ಪಟ್ಟದ್ದು ಕಾರಣ.

ಕಾನೂನು ಕೆಟ್ಟ ಎಂಜಿನಿಯರಿಂಗನ್ನೂ ಮಾಡಿಸುತ್ತದೆ ಎಂಬುದನ್ನು ಒಪ್ಪಬೇಕು. ಅದಕ್ಕೆ ಏರಿಯೊ ಕಂಪನಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಗಾಳಿಯಲ್ಲಿ ಉಚಿತವಾಗಿ ಬರುವ ಟಿವಿ ಚಾನೆಲ್ಲುಗಳನ್ನು ಹಿಡಿದು ಇಂಟರ್ನೆಟ್ ಮೂಲಕ ಮನೆಗೆ ಕಳಿಸುವ ಸೇವೆಯನ್ನು ಅದು 2012ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿತು. ಒಂದು ದೊಡ್ಡ ಆಂಟೆನಾ ಇಟ್ಟರೆ ಸಾಕಿತ್ತು. ಏರಿಯೊ ನಾಣ್ಯದಷ್ಟು ಚಿಕ್ಕ ಆಂಟೆನಾಗಳನ್ನು ಸಾವಿರಗಟ್ಟಲೆ ಸಾಲಾಗಿ ಕೂರಿಸಿತು. ನೀವು ಕಾರ್ಯಕ್ರಮ ಆರಿಸಿದರೆ ನಿಮ್ಮದೇ ಒಂದು ಆಂಟೆನಾ ಚಾಲೂ ಆಗುತ್ತದೆ, ನಿಮ್ಮದೇ ಒಂದು ಪ್ರತಿ ಡಿಸ್ಕಿನಲ್ಲಿ ಬರೆಯಲ್ಪಡುತ್ತದೆ. ಹತ್ತು ಸಾವಿರ ಮಂದಿ ಒಂದೇ ಪಂದ್ಯ ನೋಡುತ್ತಿದ್ದರೆ ಹತ್ತು ಸಾವಿರ ಆಂಟೆನಾ, ಹತ್ತು ಸಾವಿರ ಪ್ರತಿ. ಯಾವ ಎಂಜಿನಿಯರಿಂಗ್ ಪುಸ್ತಕವೂ ಇದನ್ನು ಕಲಿಸುವುದಿಲ್ಲ. ಇದನ್ನು ಕಲಿಸಿದ್ದು 2008ರ ಕೇಬಲ್‌ವಿಷನ್ ತೀರ್ಪು. ಪ್ರತಿ ಗ್ರಾಹಕನಿಗೂ ಬೇರೆ ಬೇರೆ ಪ್ರತಿ ಇದ್ದರೆ ಅದು ಸಾರ್ವಜನಿಕ ಪ್ರದರ್ಶನವಾಗುವುದಿಲ್ಲ ಎಂದು ಆ ತೀರ್ಪು ಹೇಳಿತ್ತು. ಏರಿಯೊ ಆ ವಾಕ್ಯದ ಸುತ್ತಲೇ ತನ್ನ ಯಂತ್ರ ಕಟ್ಟಿತು. 2014ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಲ್ಲಿ, ಒಳಗೆ ಏನೇ ಇರಲಿ ನೋಡುವವನಿಗೆ ಇದು ಕೇಬಲ್ ಟಿವಿಯ ಹಾಗೇ ಇದೆ ಎಂದಿತು. ಅದೇ ವರ್ಷ ಏರಿಯೊ ದಿವಾಳಿ ಅರ್ಜಿ ಹಾಕಿತು. ಕಾನೂನಿನ ಅಕ್ಷರಕ್ಕೆ ತಕ್ಕಂತೆ ಕಟ್ಟಿದ ಯಂತ್ರ ಕಾನೂನಿನ ಅರ್ಥ ಬದಲಾದ ದಿನ ಬರೀ ಲೋಹದ ರಾಶಿಯಾಯಿತು.

ನಮ್ಮ ಮನೆಗಳಿಗೆ ಬರೋಣ. ಟಿವಿಯ ಕೆಳಗೆ ಕೂತಿರುವ ಸೆಟ್ ಟಾಪ್ ಬಾಕ್ಸ್ ತಂತ್ರಜ್ಞಾನದ ಸಹಜ ಬೆಳವಣಿಗೆಯಿಂದ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ. ಅದನ್ನು ತಂದು ಕೂರಿಸಿದ್ದು ಕೇಬಲ್ ಟಿವಿ ಕಾಯ್ದೆಯ ತಿದ್ದುಪಡಿ. ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31 ಗಡುವು. ಅದರಾಚೆಗೆ ಬಾಕ್ಸ್ ಇಲ್ಲದ ಮನೆಗೆ ಕೇಬಲ್‌ನವರು ಹಳೆಯ ರೀತಿಯಲ್ಲಿ ಚಾನೆಲ್ ಕೊಡುವಂತಿರಲಿಲ್ಲ. ಅಲ್ಲಿಯವರೆಗೆ ತಂತಿಯನ್ನು ನೇರ ಟಿವಿಗೆ ಸಿಕ್ಕಿಸಿ ನೋಡುತ್ತಿದ್ದ ಮನೆಗಳು ಅದೊಂದು ವರ್ಷದಲ್ಲಿ ಸಂಕೇತ ಬಿಡಿಸುವ ಪೆಟ್ಟಿಗೆ ಕೊಂಡವು. ಹೀಗೆ ಕಡ್ಡಾಯ ಮಾಡುವಷ್ಟು ಚುರುಕಾಗಿದ್ದ ವ್ಯವಸ್ಥೆ, ಒಬ್ಬರ ಬಾಕ್ಸ್ ಇನ್ನೊಬ್ಬರ ಸೇವೆಗೂ ನಡೆಯಬೇಕು ಎಂಬ ವಿಷಯದಲ್ಲಿ ಏನು ಮಾಡಿತು? ಡಿಟಿಎಚ್ ಸೇವೆಗೆ ಲೈಸೆನ್ಸ್ ಕೊಡುವ 2001ರ ಮಾರ್ಗಸೂಚಿಯಲ್ಲೇ ಬಾಕ್ಸುಗಳು ಬೇರೆ ಬೇರೆ ಕಂಪನಿಗಳ ನಡುವೆ ಹೊಂದಿಕೊಳ್ಳಬೇಕು ಎಂಬ ಷರತ್ತಿತ್ತು. ಅಂದರೆ ಕಾನೂನು ಗ್ರಾಹಕನಿಗಿಂತ ಮೊದಲೇ ಬಂದು ನಿಂತಿತ್ತು. ಆದರೂ ಹೊಂದಾಣಿಕೆ ಕಾಗದದಲ್ಲೇ ಉಳಿಯಿತು. ಬಾಕ್ಸುಗಳು ಬೇರೆಡೆ ನಡೆಯುವಂತಿರಬೇಕು ಎಂದು 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮತ್ತೆ ಶಿಫಾರಸು ಮಾಡಬೇಕಾಗಿ ಬಂತು. ಇವತ್ತಿಗೂ ಡಿಶ್ ಬದಲಿಸುವವರ ಮನೆಯ ಅಟ್ಟದಲ್ಲಿ ಹಳೆಯ ಬಾಕ್ಸು, ಅದರ ರಿಮೋಟು, ಅಡಾಪ್ಟರು ಕೂತಿವೆ. ಪೂರ್ತಿ ಸುಸ್ಥಿತಿಯಲ್ಲಿವೆ, ಉಪಯೋಗಕ್ಕಿಲ್ಲ. ಬಾಕ್ಸ್ ಕಡ್ಡಾಯ ಎಂಬ ಸಾಲು ಜಾರಿಯಾಯಿತು, ಬಾಕ್ಸ್ ನಿಮ್ಮದು ಎಂಬ ಸಾಲು ಜಾರಿಯಾಗಲಿಲ್ಲ. ಇದಕ್ಕೆ 'ನಿಧಾನ' ಎಂಬ ಹೆಸರು ಒಪ್ಪುವುದಿಲ್ಲ.

ನಿಧಾನದ ಮಾತನ್ನು ಪೂರ್ತಿ ಕೈಬಿಡಲು 2025ರ ಆಗಸ್ಟ್ ಒಂದೇ ಸಾಕು. ಆನ್‌ಲೈನ್ ಗೇಮಿಂಗ್ ಮಸೂದೆ 20ರಂದು ಲೋಕಸಭೆಯಲ್ಲಿ ಅಂಗೀಕಾರವಾಯಿತು, 21ರಂದು ರಾಜ್ಯಸಭೆಯಲ್ಲಿ, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆಟಗಳ ವ್ಯಾಪಾರ ದಿನ ಬೆಳಗಾಗುವಷ್ಟರಲ್ಲಿ ನಿಂತಿತು. ಕರ್ನಾಟಕವೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥದ್ದೇ ನಿಷೇಧ ಹೇರಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಸಾಲ ಮಾಡಿ ರಮ್ಮಿ ಆಡಿ ಹಾಳಾದ ಕುಟುಂಬಗಳ ಕಥೆ ಕೇಳಿದವರಾರೂ ಆ ಆತಂಕವನ್ನು ಹಗುರವಾಗಿ ಕಾಣಲಾರರು. ನಾನೂ ಕಾಣುವುದಿಲ್ಲ. ಆದರೆ ನಮ್ಮಲ್ಲಿ ಗೇಮ್ ಮತ್ತು ಕಾನೂನು ಎಂಬ ವಿಷಯ ತೆಗೆದರೆ ಚರ್ಚೆ ಜೂಜಿಗೆ ಹೋಗಿ ನಿಲ್ಲುತ್ತದೆ, ಇಲ್ಲವೇ ಮಕ್ಕಳು ಹಾಳಾದರು ಎಂಬಲ್ಲಿಗೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಬಂದಿತ್ತು. ಸರ್ಕಾರದ ಮುಖ ನೋಡಿ ಒಂದು ಆಟ ತನ್ನ ಬಣ್ಣವನ್ನೇ ಬದಲಿಸಿಕೊಂಡಿತು. ಇಷ್ಟು ಒತ್ತಡ ಹೇರಬಲ್ಲ ಸರ್ಕಾರ, ದುಡ್ಡು ಕೊಟ್ಟು ಆಟ ಕೊಂಡವನ ಪರವಾಗಿ ಒಂದು ಷರತ್ತನ್ನಾದರೂ ಹಾಕಿತೇ ಎಂದು ನಾವು ಕೇಳಲಿಲ್ಲ.

ಯಾಕೆ ಕೇಳಬೇಕು ಎಂಬುದಕ್ಕೆ 'ದಿ ಕ್ರೂ' ಎಂಬ ಕಾರ್ ರೇಸ್ ಆಟ ಉತ್ತರ. ಯುಬಿಸಾಫ್ಟ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ ಈ ಆಟವನ್ನು ಒಬ್ಬರೇ ಕೂತು ಆಡಬಹುದಿತ್ತು, ಆದರೆ ಸದಾ ಕಂಪನಿಯ ಸರ್ವರಿಗೆ ಜೋಡಿಕೊಂಡಿರಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಡಿಸ್ಕ್ ಕೊಂಡವರ ಕೈಯಲ್ಲಿ ಡಿಸ್ಕ್ ಇತ್ತು, ಆಟ ಇರಲಿಲ್ಲ. ಅದರ ವಿರುದ್ಧ ಯೂಟ್ಯೂಬರ್ ರಾಸ್ ಸ್ಕಾಟ್ ಶುರುಮಾಡಿದ ಚಳವಳಿಯಿಂದ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ನಾಗರಿಕರು ಸಹಿ ಹಾಕಿ, ಸೇವೆ ನಿಲ್ಲಿಸುವಾಗ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದು ಕೇಳಿದರು. ಕ್ಯಾಲಿಫೋರ್ನಿಯ 2025ರ ಜನವರಿಯಿಂದ, ಡಿಜಿಟಲ್ ಆಟ ಮಾರುವವರು ಇದು ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕಾನೂನು ಮಾಡಿತು. ಇಂಥ ಸುದ್ದಿ ಓದಿದಾಗ ನಮ್ಮವರ ಬಾಯಲ್ಲಿ ಬರುವುದು ಮತ್ತೆ ಅದೇ: ನಮ್ಮ ಕಾನೂನು ಇನ್ನೂ ಅಲ್ಲಿಗೆ ಬಂದಿಲ್ಲ.

ಬಂದಿದೆ. ಪುಸ್ತಕ ತೆರೆದು ನೋಡಿದರೆ ಬಹಳ ಹಿಂದೆಯೇ ಬಂದಿದೆ. ಅಕೊಲೇಡ್ ಕಂಪನಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿಸಿಕೊಂಡು ಗಳಿಸಿದ ಹಕ್ಕನ್ನು ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1999ರ ತಿದ್ದುಪಡಿಯಲ್ಲೇ ಬರೆದುಕೊಟ್ಟಿದೆ. ಬೇರೆ ಪ್ರೋಗ್ರಾಮುಗಳ ಜೊತೆ ಹೊಂದಿಸಲು ಬೇಕಾದ ಮಾಹಿತಿ ಬೇರೆಡೆ ಸಿಗದಿದ್ದರೆ, ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿದವರು ಅದನ್ನು ಪಡೆಯಲು ಮಾಡುವ ಕೆಲಸ ಉಲ್ಲಂಘನೆಯಲ್ಲ ಎಂದು 52ನೇ ಸೆಕ್ಷನ್ನಿನ ಉಪವಿಧಿಯೊಂದು ಹೇಳುತ್ತದೆ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಡಿಜಿಟಲ್ ಬೀಗ ಮುರಿಯುವವರಿಗೆ ಎರಡು ವರ್ಷದವರೆಗೆ ಸೆರೆವಾಸ ಇಟ್ಟಿದೆ ನಿಜ. ಆದರೆ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ಕಾಯ್ದೆ ನಿಷೇಧಿಸದ ಉದ್ದೇಶಕ್ಕಾಗಿ ಬೀಗ ತೆಗೆಯುವುದನ್ನು ಅದು ಅಪರಾಧ ಎನ್ನುವುದಿಲ್ಲ. ತೆಗೆದುಕೊಟ್ಟವರು ಯಾರಿಗಾಗಿ, ಯಾಕೆ ತೆಗೆದರು ಎಂಬ ದಾಖಲೆ ಇಟ್ಟುಕೊಳ್ಳಬೇಕು ಅಷ್ಟೆ. ಈ ವಿಷಯದಲ್ಲಿ ನಮ್ಮ ಕಾಯ್ದೆ ಅಮೆರಿಕದ್ದಕ್ಕಿಂತ ಗ್ರಾಹಕನಿಗೆ ಹೆಚ್ಚು ಉದಾರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕನ್ಸೋಲ್ ರಿಪೇರಿ ಮಾಡುವ ಹುಡುಗರಿಗೆ ಇದು ಗೊತ್ತಿರಬೇಕಿತ್ತು. ತಾವು ಮಾಡುವುದೆಲ್ಲ ಕದ್ದುಮುಚ್ಚಿ ಮಾಡುವ ಕೆಲಸ ಎಂಬ ಅಳುಕಿನಲ್ಲೇ ಆ ಕಸುಬು ನಡೆಯುತ್ತಿದೆ. ಕಂಪನಿಯ ಬೀಗದ ಭಯ ಎಲ್ಲರಿಗೂ ತಿಳಿದಿದೆ, ಆ ಬೀಗಕ್ಕೆ ಕಾಯ್ದೆ ಹಾಕಿದ ಮಿತಿಯನ್ನು ಯಾರೂ ತಿಳಿಸಿ ಹೇಳಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿದಾಗ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯ ಗುರುತಿಸಿತು. ಗೇಮ್ ಯಂತ್ರವನ್ನು ಮೂರನೆಯದರಲ್ಲಿ ಸೇರಿಸಿ ಎಂದು ಕೇಳಿದ ದನಿಯೊಂದು ಕರ್ನಾಟಕದಿಂದ ಎದ್ದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಇನ್ನು ಸರ್ವರ್ ನಿಲ್ಲಿಸಿ ಆಟವನ್ನು ಕಿತ್ತುಕೊಳ್ಳುವ ಪ್ರಶ್ನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಒಪ್ಪಂದ' ಎಂಬುದನ್ನು ವಿವರಿಸುವಾಗ, ಸಕಾರಣವಿಲ್ಲದೆ ಒಪ್ಪಂದವನ್ನು ಏಕಪಕ್ಷೀಯವಾಗಿ ಮುಗಿಸುವ ಅಧಿಕಾರ ಒಬ್ಬನಿಗೆ ಕೊಡುವ ಷರತ್ತನ್ನೂ ಅದರಲ್ಲಿ ಎಣಿಸಿದೆ. ಗೇಮ್ ಹಾಕಿಕೊಳ್ಳುವಾಗ ನಾವೆಲ್ಲ ಓದದೆ 'ಒಪ್ಪಿದೆ' ಎಂದು ಒತ್ತುವ ಉದ್ದನೆಯ ಪಠ್ಯಗಳಲ್ಲಿ ಇಂಥ ಷರತ್ತು ಸರ್ವೇಸಾಮಾನ್ಯ. ವ್ಯಾಪಾರ ಕುಗ್ಗಿದಾಗ ಸರ್ವರ್ ನಡೆಸುವ ಹೊರೆ ಕಂಪನಿಗಳ ಮೇಲೆ ಎಂದೆಂದಿಗೂ ಇರಬೇಕೆಂದು ನಾನು ಹೇಳುವುದಿಲ್ಲ. ಒಬ್ಬರೇ ಆಡಬಹುದಾದ ಆಟವನ್ನು ಸರ್ವರಿನ ಗೂಟಕ್ಕೆ ಕಟ್ಟಿದ್ದು ಕಂಪನಿಯ ಆಯ್ಕೆ, ಆ ಆಯ್ಕೆಯ ನಷ್ಟವನ್ನು ಕೊಂಡವನು ಪೂರ್ತಿ ಹೊರಬೇಕೇ ಎಂಬುದು ಪ್ರಶ್ನೆ. ಅನ್ಯಾಯದ ಒಪ್ಪಂದದ ದೂರುಗಳನ್ನು ಕೇಳುವ ಅಧಿಕಾರ ರಾಜ್ಯ ಗ್ರಾಹಕ ಆಯೋಗಕ್ಕಿದೆ, ಕರ್ನಾಟಕದ ಆಯೋಗ ಬೆಂಗಳೂರಿನಲ್ಲೇ ಇದೆ. ದೇಶದಲ್ಲಿ ಅತಿ ಹೆಚ್ಚು ಗೇಮ್ ಬರೆಯುವವರು, ಅದರ ಒಪ್ಪಂದಗಳನ್ನು ಬರೆಯುವ ವಕೀಲರು ಇರುವ ಊರುಗಳಲ್ಲಿ ಅದೂ ಒಂದು. ಹೊಸ ಗೇಮಿಂಗ್ ಕಾಯ್ದೆ ಆಟಗಳನ್ನು ನೋಂದಾಯಿಸುವ ಪ್ರಾಧಿಕಾರಕ್ಕೂ ಅವಕಾಶ ಕೊಟ್ಟಿದೆ. ನೋಂದಣಿಯ ಅರ್ಜಿಯಲ್ಲಿ ಎರಡು ಸಾಲು ಸೇರಿಸಲು ಸಂಸತ್ತಿನ ಮೂರು ದಿನವೂ ಬೇಡ: ಈ ಆಟದ ಸರ್ವರ್ ಕನಿಷ್ಠ ಯಾವ ದಿನಾಂಕದವರೆಗೆ ಇರುತ್ತದೆ, ಅದು ನಿಂತ ಮರುದಿನ ಕೊಂಡವನ ಯಂತ್ರದಲ್ಲಿ ಆಟ ಓಡುತ್ತದೆಯೇ?